ಹನ್ನೆರಡನೇ ಹಾಡಿನ ತಕರಾರು

ಮಲ್ಬರಿ ಕವಲು, ಕೆಂಟಕಿ
14 ಅಕ್ಟೋಬರ್ 1995

ಡ್ರೂಸಿ,

ನೀನು ಇಲ್ಲಿಂದ ಹೊರಟು ಮೂರು ವಾರವಾಯಿತು, ನೀನು ಮರೆತುಹೋದ ಸಾಮಾನು ಇನ್ನೂ ಸಿಗುತ್ತಲೇ ಇದೆ. ಒಂದು ಕೋಟು, ಒಂಟಿ ಕಾಲುಚೀಲ, ಗಿಟಾರಿನ ತಂತಿಯ ಎರಡು ಸುರುಳಿ, ಕಿಟಕಿಯ ಮೇಲೆ ಅರ್ಧ ಕುಡಿದಿಟ್ಟ ಕಾಫಿ. ಕಾಫಿ ಚೆಲ್ಲಿದ್ದೇನೆ. ಉಳಿದದ್ದನ್ನು ಟಪಾಲಿನಲ್ಲಿ ಕಳಿಸುತ್ತೇನೆ. ಮೂವತ್ತೈದು ವರ್ಷದ ಹೆಂಗಸಿಗೆ ಕಾಲುಚೀಲ ಜೋಡಿಸಿಕೊಡುವ ಕೆಲಸ ನನಗೆ ಇನ್ನೂ ತಪ್ಪಿಲ್ಲ.

ಫೋನ್ ಮಾಡು ಅಂತ ಬರೆದಿದ್ದೀಯ. ಮಾಡುವುದಿಲ್ಲ. ಫೋನಿನಲ್ಲಿ ನಾನು ಬೈಯಲು ಶುರುಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನನಗೆ ಬೈಯುವುದೇ ಮರೆತುಹೋಗುತ್ತದೆ. ಕಾಗದದಲ್ಲಾದರೆ ಪೂರ್ತಿ ಬೈದು ಮುಗಿಸಬಹುದು.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ಆಗಸ್ಟಿನಲ್ಲಿ ಗುಡ್ಡದ ಮೇಲೆ ನಿಮ್ಮಪ್ಪನ ನೆನಪಿನ ಸಭೆಗೆ ಗಿಟಾರ್ ತರಲೇ ಅಂತ ಕೇಳಿದ್ದೀಯಲ್ಲ, ನಿನ್ನ ತಲೆ ನೆಟ್ಟಗಿದೆಯೇ? ನೀನು ನಮ್ಮ ಚರ್ಚಿನ ಸಭೆಗೆ ಸೇರಲಿಲ್ಲ, ಅದು ನಿನ್ನಿಷ್ಟ. ಆದರೆ ಆ ಬೆಂಚಿನ ಕೆಳಗೆ ಆಡಿ ಬೆಳೆದವಳು ನೀನು. ದೇವರ ಹಾಡಿಗೆ ನಮ್ಮಲ್ಲಿ ಮನುಷ್ಯರ ಗಂಟಲು ಬಿಟ್ಟು ಬೇರೆ ಯಾವುದೂ ತಾಗಿಲ್ಲ, ತಾಗುವುದೂ ಇಲ್ಲ. ಮುಂದೆ ನಿಂತ ಗಂಡಸು ಒಂದು ಸಾಲು ಕೊಡಬೇಕು, ಕೂತವರೆಲ್ಲ ಆ ಸಾಲನ್ನು ಎಳೆದು ಹಾಡಬೇಕು. ಇಪ್ಪತ್ತೊಂಬತ್ತು ವರ್ಷ ಆ ಸಾಲು ಕೊಟ್ಟವರು ನಿಮ್ಮಪ್ಪ. ಅವರು ಹೋಗಿ ನಾಲ್ಕು ವರ್ಷವಾಗಿದೆ, ಅವರ ಸಮಾಧಿಯ ಮುಂದೆ ನಿನಗೆ ತಂತಿ ಮೀಟಬೇಕಾಗಿದೆ. ಮಾತು ಮುಗಿಯಿತು.

ನೀನಿದ್ದಾಗ ದಾರಕ್ಕೆ ಪೋಣಿಸಿದ ಬೀನ್ಸು ಚೆನ್ನಾಗಿ ಒಣಗಿದೆ. ಕೋಟಿನ ಜೇಬಿನಲ್ಲಿ ಸ್ವಲ್ಪ ಇಟ್ಟು ಕಳಿಸುತ್ತೇನೆ.

ಅಮ್ಮ


ನ್ಯಾಶ್‌ವಿಲ್
9 ನವೆಂಬರ್ 1995

ಅಮ್ಮ,

ಕೋಟು ಬಂತು, ಬೀನ್ಸೂ ಬಂತು. ಹಂದಿಮಾಂಸದ ತುಂಡು ಹಾಕಿ ನೀನು ಹೇಳಿದಷ್ಟೇ ಹೊತ್ತು ಬೇಯಿಸಿದೆ. ಆದರೂ ನಿನ್ನದರ ಹಾಗೆ ಆಗಲಿಲ್ಲ. ನೀರಿನದೇ ತಪ್ಪು ಅಂತ ಇಟ್ಟುಕೊಂಡಿದ್ದೇನೆ.

ಆಲ್ಬಮ್ಮಿನ ಕೆಲಸ ಕೊನೆಗೂ ಶುರುವಾಗಿದೆ. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ, ಮೊದಲು ಅಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರಂತೆ. ನಾನು ಹಾಡಲು ನಿಲ್ಲುವ ಜಾಗದಲ್ಲೇ ಆ ಕುರ್ಚಿ ಇತ್ತು. ನನಗೂ ಈಗ ಅಲ್ಲಿ ಹಲ್ಲು ಕೀಳಿಸಿಕೊಂಡ ಹಾಗೆಯೇ ಆಗುತ್ತಿದೆ. ಆಲ್ಬಮ್ ಮಾಡಿಸುತ್ತಿರುವವನು ಟ್ರೂಯಿಟ್ ಅಂತ, ಬಾಸ್ಟನ್ ಕಡೆಯವನು. ಒಂದು ಹಾಡನ್ನು ಹತ್ತೊಂಬತ್ತು ಸಲ ಹಾಡಿಸುತ್ತಾನೆ. ಆಮೇಲೆ ಮೊದಲನೇ ಸಲದ್ದೇ ಚೆನ್ನಾಗಿತ್ತು ಅನ್ನುತ್ತಾನೆ. ನಿನ್ನೆ ಗಾಜಿನ ಆಚೆಯಿಂದ ಹೇಳಿದ, "ಡ್ರೂಸಿ, ಇನ್ನೂ ಸ್ವಲ್ಪ ಬೆಟ್ಟದವರ ಥರ ಹಾಡ್ತೀಯಾ?" "ನಾನು ಬೆಟ್ಟದೋಳೇ ಕಣಯ್ಯ, ಇದಕ್ಕಿಂತ ಜಾಸ್ತಿ ಬೆಟ್ಟ ಎಲ್ಲಿಂದ ತರ್ಲಿ?" ಅಂದೆ. ಅದನ್ನೂ ಟೇಪಿನಲ್ಲಿ ಹಿಡಿದಿಟ್ಟುಕೊಂಡು ನಗುತ್ತಿದ್ದಾನೆ.

ನನ್ನ ಹತ್ತಿರ ಇರುವುದು ಹನ್ನೊಂದು ಹಾಡು. ಆರು ವರ್ಷದಲ್ಲಿ ಬರೆದ ನಲವತ್ತರಲ್ಲಿ ಉಳಿದದ್ದು ಅಷ್ಟು. ಹನ್ನೆರಡು ಬೇಕು ಅಂತ ಟ್ರೂಯಿಟ್ ಪ್ರಾಣ ತಿನ್ನುತ್ತಿದ್ದ. ಹನ್ನೆರಡನೆಯದು ಸಿಕ್ಕಿದೆ. ಹಳೆಯ ಹಾಡು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮುಖಪುಟಕ್ಕೆ ನಮ್ಮ ಮನೆಯ ಚಿತ್ರ ಬೇಕಂತೆ. ಫೋಟೋ ತೆಗೆಯುವವನೊಬ್ಬ ಬರುತ್ತಾನೆ. ಸ್ವಲ್ಪ ತಾಳ್ಮೆಯಿಂದ ಮಾತಾಡಿಸು.

ಡ್ರೂಸಿ


ಮಲ್ಬರಿ ಕವಲು
3 ಡಿಸೆಂಬರ್ 1995

ಡ್ರೂಸಿ,

ನಿಮ್ಮ ಫೋಟೋದವನು ಬಂದಿದ್ದ. ತಾಳ್ಮೆಯಿಂದಲೇ ಮಾತಾಡಿಸಿದೆ. ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡ.

ಅಂಗಳದಲ್ಲಿ ನಿಂತು ಮನೆಯನ್ನು ನೋಡಿ ಅವನು ಮುಖ ಸಿಂಡರಿಸಿಕೊಂಡ. ಹೋದ ಬೇಸಿಗೆಯಲ್ಲಿ ತಾನೇ ಬಣ್ಣ ಹೊಡೆಸಿದ್ದೇನೆ, ಅವನಿಗೆ ಅದೇ ಬೇಜಾರು. "ಅಮ್ಮಾ, ಈ ಗ್ಯಾಸ್ ಟ್ಯಾಂಕು ಸ್ವಲ್ಪ ಆಚೆ ಸರಿಸ್ಬಹುದಾ?" ಅಂದ. "ಐನೂರು ಗ್ಯಾಲನ್ನಿಂದು ಕಣಪ್ಪ, ನೀನೇ ಎತ್ತು, ನೋಡೋಣ" ಅಂದೆ. ಆಮೇಲೆ ನನ್ನನ್ನು ಜಗಲಿಯ ಮೇಲೆ ನಿಲ್ಲಿಸಿ, "ಶೂ ತೆಗೆದು ಬರಿಗಾಲಲ್ಲಿ ನಿಂತ್ಕೋತೀರಾ?" ಅಂತ ಕೇಳಿದ. ಡಿಸೆಂಬರ್ ತಿಂಗಳು, ಡ್ರೂಸಿ! "ನಿಮ್ಮಮ್ಮನ್ನ ನಿಲ್ಸು ಹೋಗು" ಅಂದೆ. ತಾಳ್ಮೆ ಅಲ್ಲಿಯವರೆಗೆ ಇತ್ತು.

ಕೊನೆಗೆ ಅವನು ಪಕ್ಕದ ಕ್ರಿಟ್ ಸ್ಲೋನನ ಬಿದ್ದುಹೋದ ಹಂದಿ ಕೊಟ್ಟಿಗೆಯನ್ನು ಕಂಡು ಸಂತೋಷದಿಂದ ಕುಣಿದಾಡಿ ಎರಡು ಗಂಟೆ ಅದರದ್ದೇ ಫೋಟೋ ತೆಗೆದ. ಪಾಪ, ಚಳಿಯಲ್ಲಿ ನಡುಗುತ್ತಿದ್ದ. ಒಣಸೇಬಿನ ಪದರ ಕೇಕು ಮಾಡಿದ್ದೆ, ಕರೆದು ಕೊಟ್ಟೆ. ಮೂರು ತುಂಡು ತಿಂದ.

ಅದಿರಲಿ, ಹಳೆಯ ಹಾಡು ಅಂದೆಯಲ್ಲ, ಯಾವುದು?

ಅಮ್ಮ


ನ್ಯಾಶ್‌ವಿಲ್
20 ಫೆಬ್ರವರಿ 1996

ಅಮ್ಮ,

ಇದರ ಜೊತೆ ಕ್ಯಾಸೆಟ್ ಇದೆ. ಅಂಗಡಿಗೆ ಬರುವುದು ಇನ್ನೂ ಮೂರು ವಾರದ ಮೇಲೆ. ನಿನಗೇ ಮೊದಲು ಕೇಳಿಸಬೇಕು ಅಂತ ನಾನೇ ಮನೆಯಲ್ಲಿ ಕೂತು ತುಂಬಿಸಿದೆ. ಮೇಲಿನ ಕಾಗದ ಮಾತ್ರ ಅಚ್ಚಿನವರು ಕೊಟ್ಟದ್ದು.

ಕ್ರಿಸ್‌ಮಸ್ಸಿಗೆ ಬರಲಾಗಲಿಲ್ಲ. ಅದಕ್ಕೆ ಬೈಯುವುದಿದ್ದರೆ ಈ ಸಲದ ಕಾಗದದಲ್ಲೇ ಬೈದು ಮುಗಿಸಿಬಿಡು. ಹಾಡಿನ ಬಗ್ಗೆ ಮಾತ್ರ ನಿಜವಾಗಿ ಏನನ್ನಿಸಿತೋ ಅದನ್ನು ಬರೆ. ಚೆನ್ನಾಗಿದೆ ಅಂತ ಒಂದೇ ಮಾತು ಬರೆದು ಕೈತೊಳೆದುಕೊಳ್ಳಬೇಡ.

ಡ್ರೂಸಿ


ಮಲ್ಬರಿ ಕವಲು
3 ಮಾರ್ಚ್ 1996

ಡ್ರೂಸಿ,

ಎರಡು ಸಲ ಕೇಳಿದೆ. ಮೊದಲನೆಯ ಸಲ ಇಸ್ತ್ರಿ ಮಾಡುತ್ತಾ, ಎರಡನೆಯ ಸಲ ಸುಮ್ಮನೆ ಕೂತು.

ಮೊದಲನೇ ಹಾಡು ಚೆನ್ನಾಗಿದೆ. ಎರಡನೆಯದರಲ್ಲಿ ನಿನ್ನ ಮಾತೇ ತಿಳಿಯುವುದಿಲ್ಲ, ಆ ಪಿಟೀಲಿನವನಿಗೆ ಯಾರಾದರೂ ಸ್ವಲ್ಪ ಹೊತ್ತು ಊಟಕ್ಕೆ ಹೋಗು ಅನ್ನಬೇಕಿತ್ತು. ಮೂರನೆಯದರಲ್ಲಿ ರೈಲುಹಳಿಯ ಹತ್ತಿರ ನಿನ್ನನ್ನು ಕಾಯಿಸಿ ಬಾರದೆ ಹೋದವನು ಡೆನ್ವರ್ ಫ್ಯೂಗೇಟ್ ಅಂತ ಇಡೀ ಊರಿಗೆ ಗೊತ್ತಾಗುತ್ತದೆ. ಅವನೀಗ ಎಷ್ಟು ದಪ್ಪಗಾಗಿದ್ದಾನೆ ಅಂದರೆ ಆ ಹಾಡು ಅವನಿಗೆ ಆಗಿಬರುವುದಿಲ್ಲ. ಗಣಿಯಿಂದ ಬಂದು ಕೈ ತೊಳೆಯುವ ಅಪ್ಪನ ಹಾಡು ಕೇಳುವಾಗ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ. ನೀರು ಮೂರು ಸಲ ಬದಲಾಯಿಸುತ್ತಿದ್ದದ್ದು ನಿನಗೆ ನೆನಪಿದೆಯಲ್ಲ, ನಾನೇ ಮರೆತಿದ್ದೆ. ಅದು ಒಳ್ಳೆಯ ಹಾಡು. ಇದನ್ನು ನಾನು ಎರಡನೇ ಸಲ ಹೇಳುವುದಿಲ್ಲ, ಆದ್ದರಿಂದ ಈ ಕಾಗದ ಜೋಪಾನವಾಗಿಡು.

ಮುಖಪುಟದಲ್ಲಿ ಕ್ರಿಟ್‌ನ ಹಂದಿ ಕೊಟ್ಟಿಗೆ. ಒಳಗೆ ನೋಡಿದರೆ "ಡ್ರೂಸಿ ಸ್ಟಿಡಮ್ ಹುಟ್ಟಿದ ಊರು" ಅಂತ ಅಚ್ಚಾಗಿದೆ. ನೀನು ಹುಟ್ಟಿದ್ದು ಹಜಾರ್ಡ್ ಪಟ್ಟಣದ ಆಸ್ಪತ್ರೆಯಲ್ಲಿ, ನನಗೆ ಚೆನ್ನಾಗಿ ನೆನಪಿದೆ.

ಇನ್ನೊಂದು. ಕಾಗದದ ಮೇಲೆ ಹನ್ನೆರಡು ಹಾಡು ಅಂತಿದೆ. ನಾನು ಎಣಿಸಿದರೆ ಹನ್ನೊಂದು. ಕ್ಯಾಸೆಟ್ ತಿರುಗಿಸಿ ಹಾಕಿ ನೋಡಿದೆ, ಕೊನೆಯವರೆಗೆ ಬರೀ ಸುಯ್ ಅನ್ನುತ್ತದೆ. ಅವರು ನಿನಗೆ ಮೋಸ ಮಾಡಿದ್ದಾರೋ, ಕೊಳ್ಳುವವರಿಗೋ? ಕೇಳಿ ಸರಿಮಾಡಿಸು. ಸುಮ್ಮನಿರಬೇಡ, ನಿನಗೆ ಬಾಯಿ ಇರುವುದು ಹಾಡಲು ಮಾತ್ರವಲ್ಲ.

ಅಮ್ಮ


ನ್ಯಾಶ್‌ವಿಲ್
15 ಮಾರ್ಚ್ 1996

ಅಮ್ಮ,

ಹನ್ನೆರಡು ಅಂತ ಹಾಕಿದ್ದು ಅಚ್ಚಿನವರ ತಪ್ಪು. ಹನ್ನೊಂದೇ. ತಲೆ ಕೆಡಿಸಿಕೊಳ್ಳಬೇಡ.

ಅಪ್ಪನ ಹಾಡಿನ ಬಗ್ಗೆ ಬರೆದದ್ದನ್ನು ಎಷ್ಟು ಸಲ ಓದಿದೆನೋ. ಬಹಳ ಅವಸರದಲ್ಲಿದ್ದೇನೆ, ಊರೂರು ಸುತ್ತುವುದಿದೆ. ಮತ್ತೆ ಬರೆಯುತ್ತೇನೆ.

ಡ್ರೂಸಿ


ಮಲ್ಬರಿ ಕವಲು
21 ಏಪ್ರಿಲ್ 1996

ಡ್ರೂಸಿಲ್ಲಾ,

ಮಂಗಳವಾರ ರಕ್ತದೊತ್ತಡ ನೋಡಿಸಲು ಕ್ಲಿನಿಕ್ಕಿಗೆ ಹೋಗಿದ್ದ ಓಪಲ್ ಅಲ್ಲಿಂದ ನೇರ ನಮ್ಮನೆಗೆ ಬಂದಳು. ಗೇಟಿನಿಂದಲೇ ಕೂಗಿದಳು, "ಮಹೇಲಾ, ನೀನು ರೇಡಿಯೋದಲ್ಲಿ ಹಾಡ್ತಿದ್ದೀಯ ಕಣೇ!"

"ಹಾಡೋಳು ಡ್ರೂಸಿ, ನಾನಲ್ಲ" ಅಂದೆ.

"ನಲವತ್ತು ವರ್ಷ ನಿನ್ನ ಪಕ್ಕ ಕೂತು ಹಾಡಿದೀನಿ, ನಿನ್ನ ದನಿ ನಂಗೆ ಗೊತ್ತಾಗಲ್ವಾ? ಹೊಳೆ ದಾಟೋ ಹಾಡು. ಸಾಲು ಕೊಡೋಳೂ ನೀನೇ, ಎಳೆದು ಹಾಡೋಳೂ ನೀನೇ. ಹಿಂದೆ ಗಿಟಾರ್ ಬೇರೆ!"

ಅವಳ ಅಳಿಯ ಪಟ್ಟಣದಿಂದ ಆಲ್ಬಮ್ ತಂದಿದ್ದಾನೆ. ಅವಳ ಮನೆಯಲ್ಲಿ ಕೂತು ಕೇಳಿದೆ. ಹನ್ನೆರಡನೇ ಹಾಡು. ಅಚ್ಚಿನವರ ತಪ್ಪು ಅಲ್ಲವೇ? ನನಗೋಸ್ಕರ ಅದೊಂದನ್ನು ಬಿಟ್ಟು ಬೇರೆ ಕ್ಯಾಸೆಟ್ ತುಂಬಿಸಿದೆಯಲ್ಲ, ಎಷ್ಟು ಹೊತ್ತು ಕೂತು ಮಾಡಿದೆ ಆ ಕೆಲಸ? ನಾನಿಲ್ಲಿ ಪೆದ್ದಿಯ ಹಾಗೆ ನಿನಗೆ ಮೋಸವಾಯಿತಲ್ಲ ಅಂತ ಮರುಗುತ್ತಿದ್ದೆ!

ಅದು ನಾನು ಅಡುಗೆಮನೆಯಲ್ಲಿ ಬೀನ್ಸ್ ಪೋಣಿಸುತ್ತಾ ಹಾಡಿಕೊಂಡದ್ದು. ನಿಮ್ಮಪ್ಪ ಹೋದ ಮೇಲೆ ಮನೆಯಲ್ಲಿ ಯಾರೂ ಸಾಲು ಕೊಡುವವರಿಲ್ಲ. ಅದಕ್ಕೆ ಅವರದ್ದನ್ನೂ ನಾನೇ ಹೇಳಿಕೊಳ್ಳುತ್ತೇನೆ, ಅವರ ಹಾಗೆಯೇ ಸ್ವಲ್ಪ ಅವಸರದಲ್ಲಿ. ಆಮೇಲೆ ನನ್ನದನ್ನು ನಾನು ಹಾಡುತ್ತೇನೆ. ಅದು ಓಪಲ್‌ಗೂ ಗೊತ್ತಿರಲಿಲ್ಲ. ಸ್ನಾನಕ್ಕೆ ಬಾಗಿಲು ಹಾಕಿಕೊಳ್ಳುವ ಹಾಗೆ, ಯಾರೂ ಇಲ್ಲ ಅಂತ ನೋಡಿಕೊಂಡು ಮಾಡುವ ಕೆಲಸ ಅದು. ನೀನು ಹಿತ್ತಲಲ್ಲಿದ್ದೀಯ ಅಂದುಕೊಂಡಿದ್ದೆ. ಈಗ ಕ್ಲಿನಿಕ್ಕಿನಲ್ಲಿ ರಕ್ತ ಕೊಡಲು ಕೂತವರೆಲ್ಲ ಕೇಳಿದ್ದಾರೆ.

ಅದು ನನ್ನ ದನಿಯೂ ಅಲ್ಲ. ಗಬ್ಬದ ಹಸುವಿನ ಹಾಗೆ ದಪ್ಪಗೆ ಬರುತ್ತದೆ. ಏನು ಮಾಡಿದ್ದೀರಿ ಅದಕ್ಕೆ? ಆ ಗಿಟಾರ್ ನಾನು ಉಸಿರು ತೆಗೆದುಕೊಳ್ಳುವವರೆಗೂ ಕಾಯುವುದಿಲ್ಲ.

ನಿನ್ನೆ ಸಹೋದರ ಹರ್ಷೆಲ್ ಬಂದು ಜಗಲಿಯಲ್ಲಿ ಕೂತಿದ್ದರು. ಸಭೆಯ ಹಿರಿಯರು, ನಿಮ್ಮಪ್ಪನ ಜೊತೆ ಗಣಿಗೆ ಇಳಿದವರು, ಪಾಪ ಟೊಪ್ಪಿ ತಿರುಗಿಸುತ್ತಾ ಬಂದ ಕೆಲಸ ಹೇಳಿದರು. ಸಭೆಯ ಸದಸ್ಯೆ ದೇವರ ಹಾಡನ್ನು ವಾದ್ಯದ ಜೊತೆ ಹಾಡಿ ಮಾರಾಟಕ್ಕೆ ಕೊಟ್ಟಿದ್ದಾಳೆ ಅಂತ ದೂರು ಬಂದಿದೆಯಂತೆ. ದೂರು ಕೊಟ್ಟವನು ಕ್ರಿಟ್. ಮುಖಪುಟದಲ್ಲಿ ತನ್ನ ಹಂದಿ ಕೊಟ್ಟಿಗೆ ಬಂದದ್ದಕ್ಕೆ ತಿಂಗಳಿಡೀ ಮೆರೆದಾಡಿದ ಅದೇ ಕ್ರಿಟ್. ಜೂನ್ ಎಂಟನೇ ತಾರೀಖು, ಶನಿವಾರದ ವ್ಯವಹಾರ ಸಭೆಯಲ್ಲಿ ನನ್ನ ವಿಚಾರಣೆ.

ನನ್ನನ್ನು ಕೇಳಿದ್ದರೆ ಕೊಡುತ್ತಿರಲಿಲ್ಲ. ಅದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮಹೇಲಾ ಸ್ಟಿಡಮ್


ನ್ಯಾಶ್‌ವಿಲ್
29 ಏಪ್ರಿಲ್ 1996

ಅಮ್ಮ,

ನೀನು ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಕದ್ದೆ. ಹಿತ್ತಲಿಂದ ಒಳಗೆ ಬರುವಾಗ ನೀನು ಹಾಡುವುದು ಕೇಳಿಸಿತು. ಹಾಡು ಬರೆದುಕೊಳ್ಳಲು ನಾನು ಚಿಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡಿರುತ್ತೇನಲ್ಲ, ಅದನ್ನು ಒತ್ತಿ ಪಾತ್ರೆ ಒರೆಸುವ ಬಟ್ಟೆಯ ಕೆಳಗೆ ಇಟ್ಟುಬಿಟ್ಟೆ. ನನಗೋಸ್ಕರ ಅಂತಲೇ ಇಟ್ಟದ್ದು. ಇಲ್ಲಿ ಬೇಜಾರಾದಾಗ ಹಾಕಿಕೊಂಡು ಕೇಳುತ್ತಿದ್ದೆ. ಒಂದು ದಿನ ಟ್ರೂಯಿಟ್ ಕೇಳಿಸಿಕೊಂಡು, ಇದೇ ಹನ್ನೆರಡನೆಯದು ಅಂದ. ಎರಡು ದಿನ ಆಗುವುದಿಲ್ಲ ಅಂದೆ. ಮೂರನೆಯ ದಿನ ಗಿಟಾರ್ ಎತ್ತಿಕೊಂಡೆ. ಆ ಗಿಟಾರ್ ನನ್ನದೇ, ಅಮ್ಮ. ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲ.

ಹಾಡುತ್ತಾ ಹಾಡುತ್ತಾ ನಿನ್ನ ಶ್ರುತಿ ಮೇಲೇರುತ್ತದೆ, ನಿನಗೆ ಗೊತ್ತೇ? ಸಭೆಯಲ್ಲಿ ಎಲ್ಲರದೂ ಒಟ್ಟಿಗೆ ಏರುವುದರಿಂದ ತಿಳಿಯುವುದಿಲ್ಲ. ಗಿಟಾರ್ ಏರುವುದಿಲ್ಲ. ಅದಕ್ಕೆ ಟ್ರೂಯಿಟ್ ಟೇಪನ್ನೇ ನಿಧಾನ ಮಾಡಿ ನಿನ್ನನ್ನು ಕೆಳಗೆ ಎಳೆದ. ಹಸುವಿನ ದನಿ ಬಂದದ್ದು ಹಾಗೆ.

ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ, ನಿನಗೆ ನಗು ಬಂದರೂ ಬರಲಿ. ನಾನು ಆರು ವರ್ಷ ಬರೆದ ಹನ್ನೊಂದು ಹಾಡಿಗೆ ಪತ್ರಿಕೆಯವರು ಒಂದು ಸಾಲು ಬರೆಯುತ್ತಾರೆ, ನಿನ್ನ ಎರಡೂವರೆ ನಿಮಿಷಕ್ಕೆ ಅರ್ಧ ಪುಟ. "ಅಳಿದುಹೋದ ಲೋಕದಿಂದ ಬಂದ ದನಿ" ಅಂತೆ. ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು ನನ್ನ ಕೈ ಹಿಡಿದು, "ಆ ಅಜ್ಜಿ ತೀರಿಕೊಂಡು ಎಷ್ಟು ವರ್ಷ ಆಯ್ತು?" ಅಂತ ಕೇಳುತ್ತಾರೆ. ಕದ್ದದ್ದಕ್ಕೆ ಸರಿಯಾದ ಶಿಕ್ಷೆಯೇ ಆಗಿದೆ.

ಸಹೋದರ ಹರ್ಷೆಲ್ ಅವರಿಗೆ ಬರೆದ ಕಾಗದ ಇದರೊಳಗೆ ಇದೆ. ಸಭೆಯಲ್ಲಿ ಓದಲಿ.

ಡ್ರೂಸಿ

(ಒಳಗಿನ ಕಾಗದ)

ಸಹೋದರ ಹರ್ಷೆಲ್ ಅವರಿಗೆ ಮತ್ತು ಮಲ್ಬರಿ ಕವಲಿನ ಸಭೆಗೆ,

ನನ್ನ ತಾಯಿ ಮಹೇಲಾ ಸ್ಟಿಡಮ್ ಹಾಡಿದ್ದನ್ನು ನಾನು ಅವರಿಗೆ ತಿಳಿಯದಂತೆ ಕದ್ದೆ. ಅದರ ಮೇಲೆ ನಾನೇ ಗಿಟಾರ್ ನುಡಿಸಿದೆ. ಅವರು ಕೇಳಬಾರದೆಂದು ಕದ್ದದ್ದನ್ನು ಅವರಿಂದ ಮುಚ್ಚಿಟ್ಟೆ. ತಪ್ಪು ಪೂರ್ತಿಯಾಗಿ ನನ್ನದು. ಅವರದ್ದು ಏನೂ ಇಲ್ಲ.

ಡ್ರೂಸಿಲ್ಲಾ ಸ್ಟಿಡಮ್


ಮಲ್ಬರಿ ಕವಲು
12 ಮೇ 1996

ಡ್ರೂಸಿ,

ನಿನ್ನ ಕಾಗದ ಬಂದಿದೆ, ಒಳಗಿನದೂ ಸಿಕ್ಕಿತು. ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಬರವಣಿಗೆ ಚೆನ್ನಾಗಿದೆ. ನೀನು ಕ್ಷಮೆ ಕೇಳಿದರೂ ಹಾಡು ಬರೆದ ಹಾಗೆಯೇ ಇರುತ್ತದೆ, ಅದಕ್ಕೇ ನನಗೆ ಇನ್ನಷ್ಟು ರೇಗುತ್ತದೆ.

ನನ್ನ ಲೋಕ ಯಾವಾಗ ಅಳಿದುಹೋಯಿತು ಅಂತ ಆ ಪತ್ರಿಕೆಯವರನ್ನು ಕೇಳು. ಗುರುವಾರ ನಾನು ಟೊಮೇಟೊ ಸಸಿ ನೆಟ್ಟಿದ್ದೇನೆ.

ಮೊನ್ನೆ ಒಹಾಯೋ ಕಡೆಯಿಂದ ಗಂಡ ಹೆಂಡತಿ ಕಾರಿನಲ್ಲಿ ಬಂದು ಕ್ರಿಟ್‌ನ ಹಂದಿ ಕೊಟ್ಟಿಗೆಯ ಮುಂದೆ ನಿಂತು ಕಣ್ಣೊರೆಸಿಕೊಂಡರು. ನಾನು ಬಟ್ಟೆ ಒಣಹಾಕುತ್ತಾ ನೋಡುತ್ತಿದ್ದೆ. ಅದು ನಮ್ಮನೆ ಅಲ್ಲ, ಹಂದಿ ಕೊಟ್ಟಿಗೆ ಅಂತ ಹೇಳೋಣ ಅನ್ನಿಸಿತು, ಆದರೆ ಬಾಯಿ ತೆರೆದರೆ ದನಿ ಗುರುತಿಸಿಬಿಟ್ಟಾರು ಅಂತ ಒಳಗೆ ಬಂದೆ. ನೋಡು, ನನ್ನ ಅಂಗಳದಲ್ಲೇ ನಾನು ಬಾಯಿ ಬಿಡದ ಹಾಗೆ ಮಾಡಿಟ್ಟಿದ್ದೀಯ.

ಸಭೆಯಿಂದ ಹೊರಗೆ ಹಾಕುವುದು ಅಂದರೆ ಏನು ಅಂತ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಮುಂದಿನ ಬೆಂಚಿನಲ್ಲಿ ಕೂರುವಂತಿಲ್ಲ, ಹಿಂದೆ ಹೊರಗಿನವರ ಜೊತೆ ಕೂರಬೇಕು. ಯಾರೂ ಸೋದರಿ ಅನ್ನುವುದಿಲ್ಲ. ವರ್ಷಕ್ಕೊಮ್ಮೆ, ಪ್ರಭು ತನ್ನ ಶಿಷ್ಯರಿಗೆ ಮಾಡಿದ ಹಾಗೆ, ಓಪಲ್ ನನ್ನ ಪಾದ ತೊಳೆದು ನಾನು ಅವಳ ಪಾದ ತೊಳೆಯುವುದು ನಿಂತುಹೋಗುತ್ತದೆ. ನಾನು ಸತ್ತರೆ ಯಾರು ಬಂದು ಸಾಲು ಕೊಡುತ್ತಾರೋ ಗೊತ್ತಿಲ್ಲ. 1953ರಲ್ಲಿ ಚಳಿಗಾಲದ ಹೊಳೆಯಲ್ಲಿ ಮುಳುಗಿಸಿ ನನ್ನನ್ನು ಸಭೆಗೆ ಸೇರಿಸಿಕೊಂಡರು. ಅಲ್ಲಿಂದ ಈಚೆಗೆ ನನಗೆ ಬೇರೆ ಊರು ಅಂತ ಇಲ್ಲ. ನನಗೆ ಭಯವಾಗಿದೆ ಡ್ರೂಸಿ, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಅಮ್ಮ


ನ್ಯಾಶ್‌ವಿಲ್
30 ಮೇ 1996

ಅಮ್ಮ,

ಆ ಕಾಗದ ಕೊಟ್ಟುಬಿಡು. ಇದರಲ್ಲಿ ಯೋಚನೆ ಮಾಡುವುದೇನಿದೆ? ಗೊತ್ತಿರಲಿಲ್ಲ ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಅದು ನಿಜವೂ ಹೌದು. ನಿನ್ನ ಮೊಂಡುತನ ಎಲ್ಲಿ ಬೇಕಾದರೂ ತೋರಿಸು, ಆ ಶನಿವಾರ ಮಾತ್ರ ಬೇಡ.

ಕಾರ್ಯಕ್ರಮಗಳಲ್ಲಿ ಆ ಹಾಡು ಹಾಕುವುದನ್ನು ನಿಲ್ಲಿಸಿದ್ದೇನೆ. ಜನ ಕೂಗುತ್ತಾರೆ, ನಾನು ನೀರು ಕುಡಿದು ಬೇರೆಯದು ಹಾಡುತ್ತೇನೆ. ಎರಡನೇ ಮುದ್ರಣದಿಂದ ತೆಗೆಯಿರಿ ಅಂದರೆ ಟ್ರೂಯಿಟ್ ತಲೆ ತಲೆ ಚಚ್ಚಿಕೊಳ್ಳುತ್ತಾನೆ. ಚಚ್ಚಿಕೊಳ್ಳಲಿ.

ಬೇಕಾದರೆ ನಾನೇ ಬಂದು ಎಲ್ಲರ ಮುಂದೆ ಹೇಳುತ್ತೇನೆ. ಬರಲೇ?

ಡ್ರೂಸಿ


ಮಲ್ಬರಿ ಕವಲು
9 ಜೂನ್ 1996, ಭಾನುವಾರ

ಡ್ರೂಸಿ,

ನಿನ್ನೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಊರವರ ಬಾಯಿಂದ ಬೇರೆ ಥರ ತಿಳಿಯುವುದಕ್ಕಿಂತ ಮೊದಲು ಓದು.

ಬೇರೆ ವ್ಯವಹಾರವೆಲ್ಲ ಮುಗಿದ ಮೇಲೆ ಸಹೋದರ ಹರ್ಷೆಲ್ ನನ್ನ ಹೆಸರು ಕರೆದರು. ಎದ್ದು ನಿಂತೆ. ಅವರು ನನ್ನನ್ನು ಉಳಿಸಬೇಕೆಂದೇ ಬಂದಿದ್ದರು, ಮುಖದಲ್ಲೇ ಕಾಣುತ್ತಿತ್ತು. "ಸೋದರಿ ಮಹೇಲಾ, ನಿಮಗೆ ಗೊತ್ತಿಲ್ಲದೇ ಆಗಿರೋದು ಅಂತ ನಮಗೆಲ್ಲ ಗೊತ್ತು. ಹೌದು ಅಂದ್ಬಿಡಿ, ಇಲ್ಲಿಗೇ ಮುಗಿಸೋಣ" ಅಂದರು. ನಾನು ಕೈಚೀಲದ ಗುಂಡಿ ಬಿಚ್ಚಿದೆ. ನಿನ್ನ ಕಾಗದ ಕೈಗೆ ಬಂತು.

ಅಷ್ಟರಲ್ಲಿ ಕ್ರಿಟ್ ಎದ್ದ. "ಸೋದರಿ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಆ ಹುಡುಗಿ? ಹೆತ್ತ ತಾಯಿ ಹತ್ರಾನೇ ಕದ್ದೋಳು. ಕಳ್ಳಿ ಅಂತ ಇಲ್ಲೇ ಬರ್ಕೊಳ್ಳಿ. ಆಗಸ್ಟಲ್ಲಿ ಅವಳಪ್ಪ ಎಲ್ಜಿ ಸಮಾಧಿ ಹತ್ರ ಅವಳು ಕಾಲಿಡಕೂಡದು" ಅಂದ. ಇಬ್ಬರು ಮೂವರು ಹೌದು ಹೌದು ಅಂದರು. ಬರೆದುಕೊಳ್ಳುವವನು ಪೆನ್ನು ಎತ್ತಿಕೊಂಡ.

ಆ ಕಾಗದದಲ್ಲಿ ಕದ್ದೆ ಅನ್ನುವ ಮಾತನ್ನು ನಿನ್ನ ಕೈಯಿಂದ ಎರಡು ಸಲ ಬರೆದಿದ್ದೀಯ. ಅಕ್ಷರ ಕಲಿಸಿದವಳು ನಾನು. ಅದನ್ನು ಅವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಲು ನನ್ನಿಂದ ಆಗಲಿಲ್ಲ. ಕೈಚೀಲದ ಗುಂಡಿ ಹಾಕಿದೆ.

"ನಂಗೆ ಗೊತ್ತಿತ್ತು" ಅಂದೆ. "ಅವಳು ಕದ್ದಿಲ್ಲ. ಅವಳು ಕೇಳಿದ್ಲು, ನಾನೇ ಕೊಟ್ಟೆ."

ಓಪಲ್ ನನ್ನ ಪಕ್ಕಕ್ಕೇ ಅಂಟಿಕೊಂಡು ಕೂತವಳು, ನನ್ನ ತೋಳು ಹಿಡಿದು ಜಗ್ಗಿದಳು. "ಸುಳ್ಳು ಹೇಳ್ಬೇಡ ಕಣೇ, ಅವತ್ತು ನಮ್ಮನೇಲಿ ಕೇಳಿದಾಗ ನಿನ್ನ ಮುಖ ನಾನು ನೋಡಿಲ್ವಾ?" ಅಂತ ಪಿಸುಗುಟ್ಟಿದಳು. ಕೈ ಬಿಡಿಸಿಕೊಂಡೆ. ಹರ್ಷೆಲ್ ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲವೂ ಅದನ್ನೇ ಹೇಳಿದೆ. "ಹಾಗಾದ್ರೆ ತಪ್ಪಾಯ್ತು ಅನ್ನಿ, ಕ್ಷಮಿಸ್ತೀವಿ" ಅಂದರು. ನಿಂತುಕೊಂಡೇ ಯೋಚಿಸಿದೆ. ನಮ್ಮಲ್ಲಿ ತಪ್ಪಾಯಿತು ಅನ್ನಬೇಕಾದರೆ ಮನಸ್ಸಿನಲ್ಲಿ ಹಾಗೆಯೇ ಇರಬೇಕು. ಒಂದು ಸುಳ್ಳು ಆಗಲೇ ಹೇಳಿಯಾಗಿತ್ತು, ಎರಡನೆಯದು ಬಾಯಿಗೆ ಬರಲಿಲ್ಲ. ನನ್ನನ್ನು ಹೊರಗೆ ಹಾಕಲು ಒಬ್ಬೊಬ್ಬರಾಗಿ ಕೈ ಎತ್ತಿದರು. ಓಪಲ್ ಎಲ್ಲರಿಗಿಂತ ಕೊನೆಗೆ, ಅಳುತ್ತಾ ಎತ್ತಿದಳು. ನನ್ನ ಹೆಸರು ಹೊಡೆದುಹಾಕಿದರು. ಮನೆಗೆ ನಡೆದುಕೊಂಡೇ ಬಂದೆ.

ಎಪ್ಪತ್ತೊಂದು ವರ್ಷಕ್ಕೆ ಸಭೆಯ ಮಧ್ಯೆ ನಿಂತು ಸುಳ್ಳು ಹೇಳಿಸಿದೆಯಲ್ಲ ನನ್ನ ಕೈಲಿ! ಬೇರೆಯವರ ಕೇಕು ಚೆನ್ನಾಗಿದೆ ಅಂದದ್ದು ಬಿಟ್ಟರೆ ನಾನು ಸುಳ್ಳು ಹೇಳಿದವಳಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದರೆ ಬೆಳಗಿನಿಂದ ಇದು ನಾಲ್ಕನೇ ಹಾಳೆ, ಮೂರು ಹರಿದುಹಾಕಿದ್ದೇನೆ. ಇವತ್ತು ಎಲ್ಲರೂ ಹಾಡುವ ಹೊತ್ತಿಗೆ ನಾನು ಇಲ್ಲಿ ಕೋಳಿಗೂಡು ಗುಡಿಸುತ್ತಿದ್ದೆ. ಅಳು ಬಂತು, ಅತ್ತೆ. ಮುಚ್ಚಿಡುವುದೇನಿದೆ.

ಈಗ ನೀನು ಏನು ಮಾಡುತ್ತೀಯ ಅಂತ ನನಗೆ ಗೊತ್ತು. ಕಾರು ಹತ್ತಿ ಹರ್ಷೆಲ್ ಮನೆಗೆ ಹೋಗಿ ನಿಜ ಹೇಳಿಬಿಡೋಣ ಅಂತ ಹೊರಡುತ್ತೀಯ. ಹೇಳಿದರೆ ಅವರು ನಾಳೆಯೇ ನನ್ನನ್ನು ಸೇರಿಸಿಕೊಳ್ಳುತ್ತಾರೆ, ನಿನ್ನ ಹೆಸರು ಕ್ರಿಟ್ ಹೇಳಿದ ಹಾಗೆ ಬರೆದುಕೊಳ್ಳುತ್ತಾರೆ. ಖಬರ್ದಾರ್. ನಿನ್ನ ಆ ಕಾಗದವನ್ನು ಒಲೆಗೆ ಹಾಕಿದ್ದೇನೆ, ಇನ್ನೊಂದು ಬರೆಯಬೇಡ.

ಆಗಸ್ಟಿನವರೆಗೆ ಕಾಯಬೇಡ, ಬೇಗ ಬಾ. ಬಂದ ತಕ್ಷಣ ಒಳಗೆ ನುಗ್ಗಬೇಡ. ಬಾಗಿಲಲ್ಲೇ ನಿಂತು, ಆ ಹಾಡು ತೆಗೆದುಕೊಳ್ಳಲಾ ಅಮ್ಮ ಅಂತ ಬಾಯಿಬಿಟ್ಟು ಕೇಳು. ನಾನು ಹೂಂ ಅನ್ನುತ್ತೇನೆ. ಆಮೇಲೆ ಒಳಗೆ ಬಾ.

ಅಮ್ಮ